ಹಳೇ ಸೈಕಲ್ ಹುಡುಕುವುದು, ಸರಿಮಾಡುವುದು, ಓಡಿಸುವುದು: ಸಮಗ್ರ ಮಾರ್ಗದರ್ಶಿ

ಹಳೇ ಸೈಕಲ್ಲನ್ನು ಗೋಡೆಗೆ ನೇತುಹಾಕಿ ನೋಡುವುದಕ್ಕಿಂತ ಓಡಿಸುವುದೇ ಮೇಲು. ನಾನು ಇಲ್ಲಿ ಹೇಳುವುದೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿದೆ. ಯಾವ ಸೈಕಲ್ ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಬಣ್ಣ ಹೊಡೆಸಬೇಕಾ ಬೇಡವಾ, ಎಲ್ಲದಕ್ಕೂ ಉತ್ತರ ಅಲ್ಲೇ ಇದೆ. ಓಡಿಸುವ ಉದ್ದೇಶ ಇದ್ದರೆ ಆಯ್ಕೆ ತಾನಾಗಿ ಸರಿಹೋಗುತ್ತದೆ. ಇಲ್ಲದಿದ್ದರೆ ಮನೆ ತುಂಬ ತುಕ್ಕು ಹಿಡಿದ ಕಬ್ಬಿಣ ಸೇರುತ್ತದೆ, ಅಷ್ಟೇ.

ಈ ಹವ್ಯಾಸಕ್ಕೆ ಒಂದು ದೊಡ್ಡ ಅನುಕೂಲ ಇದೆ. ಅರವತ್ತು ವರ್ಷ ಹಳೆಯ ಕಾರನ್ನು ಮನೆಯಲ್ಲೇ ಪೂರ್ತಿ ಬಿಚ್ಚಿ ಜೋಡಿಸುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಸೈಕಲ್ಲನ್ನು ಬಿಚ್ಚಬಹುದು. ನಾಲ್ಕು ಸ್ಪ್ಯಾನರು, ಒಂದು ಡಬ್ಬಿ ಗ್ರೀಸು, ಸ್ವಲ್ಪ ತಾಳ್ಮೆ ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ. ಯಾವ ಭಾಗ ಯಾಕಿದೆ ಅಂತ ಕೈಯಿಂದಲೇ ಗೊತ್ತಾಗುತ್ತದೆ.

ಮೊದಲು ಕಾಲಗಳ ಪರಿಚಯ ಮಾಡಿಕೊಳ್ಳಿ

ಕೊಳ್ಳಲು ಹೊರಡುವ ಮುಂಚೆ ಯಾವ ಕಾಲದಲ್ಲಿ ಏನು ಬಂತು ಅಂತ ಸ್ಥೂಲವಾಗಿ ತಿಳಿದಿರಲಿ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎರಡು ಗಾಲಿಯ ಓಟದ ಯಂತ್ರ ಮಾಡಿದ. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದು ಮುಂದೆ ಹೋಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಮುಂದಿನ ಗಾಲಿಗೇ ಪೆಡಲ್ ಕೂತಿತು. ಒಂದು ತುಳಿತಕ್ಕೆ ಜಾಸ್ತಿ ದೂರ ಹೋಗಬೇಕೆಂದರೆ ಆ ಗಾಲಿಯನ್ನೇ ದೊಡ್ಡದು ಮಾಡಬೇಕು. ಹಾಗೆ 1870ರ ದಶಕದಲ್ಲಿ ಎತ್ತರದ ಗಾಲಿಯ ಪೆನ್ನಿ ಫಾರ್ದಿಂಗ್ ಸೈಕಲ್ ಬಂತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೀ 'ರೋವರ್' ತಂದ. ಚೈನ್ ಹಿಂದಿನ ಗಾಲಿಗೆ ಹೋಯಿತು, ಎರಡು ಗಾಲಿಗಳೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದವು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಇವತ್ತು ನಾವು ಓಡಿಸುವ ಸೈಕಲ್ಲಿನ ಮೂಲ ರೂಪ ಆಗಲೇ ಸಿದ್ಧವಾಗಿತ್ತು.

ಹೊಸಬರು ಹುಡುಕಬೇಕಾದದ್ದು ಇದಾದ ಮೇಲಿನ ಕಾಲದಲ್ಲಿ. 1930ರಿಂದ 1980ರ ದಶಕದವರೆಗಿನ ಸೈಕಲ್‌ಗಳಲ್ಲಿ ಓಡಿಸಲು ಯೋಗ್ಯವಾದವು ಧಾರಾಳವಾಗಿ ಉಳಿದಿವೆ. ಬಿಡಿಭಾಗಗಳೂ ಸಿಗುತ್ತವೆ. ಎತ್ತರದ ಗಾಲಿಯ ಸೈಕಲ್ ಚಿತ್ರದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ಸೈಕಲ್ ಅದಾಗುವುದು ಬೇಡ. ಸವಾರ ಕೂರುವುದು ಮುಂದಿನ ಗಾಲಿಯ ಅಚ್ಚಿಗೆ ಸರಿಯಾಗಿ ಮೇಲೆ. ಗಾಲಿ ಒಂದು ಕಲ್ಲಿಗೆ ತಡೆದು ನಿಂತರೆ ಸಾಕು, ತಲೆ ಕೆಳಗಾಗಿ ಮುಂದಕ್ಕೆ ಬೀಳುತ್ತಾನೆ. ಅದನ್ನು ಹತ್ತುವುದು, ಇಳಿಯುವುದು ಎರಡನ್ನೂ ಗೊತ್ತಿದ್ದವರ ಹತ್ತಿರ ಕಲಿಯಬೇಕು.

ಒಂದು ಎಳೆ ಹಿಡಿಯಿರಿ

ಕಂಡದ್ದೆಲ್ಲ ಬೇಕು ಅನ್ನಿಸುವುದು ಸಹಜ. ಆದರೆ ಮೊದಲ ಒಂದೆರಡು ವರ್ಷ ಒಂದೇ ಎಳೆ ಹಿಡಿದುಕೊಂಡರೆ ಕಲಿಕೆ ಬೇಗ ಆಗುತ್ತದೆ. ಒಂದೇ ಬಗೆಯ ಸೈಕಲ್ಲಾದರೆ ಅದರ ಸ್ಪ್ಯಾನರು, ಬೇರಿಂಗಿನ ಗುಂಡು, ಪಿನ್ನು ಎಲ್ಲ ಇನ್ನೊಂದಕ್ಕೂ ಆಗುತ್ತವೆ. ಒಂದರಲ್ಲಿ ಕಲಿತದ್ದು ಮುಂದಿನದರಲ್ಲಿ ಉಪಯೋಗಕ್ಕೆ ಬರುತ್ತದೆ.

ಒಂದು ಎಳೆ ಎಂದರೆ ನೆಟ್ಟಗೆ ಕೂತು ಓಡಿಸುವ ಕಪ್ಪು ರೋಡ್‌ಸ್ಟರ್. 28 ಇಂಚಿನ ಗಾಲಿ, ರಾಡ್ ಬ್ರೇಕ್, ತುಂಬು ಚೈನ್‌ಕವರ್. ರ್ಯಾಲೀ, ಬಿಎಸ್‌ಎ, ಹಂಬರ್, ಫಿಲಿಪ್ಸ್, ಹರ್ಕ್ಯುಲಿಸ್, ರಡ್ಜ್ ಹೆಸರುಗಳು ಇಲ್ಲಿ ಮತ್ತೆ ಮತ್ತೆ ಸಿಗುತ್ತವೆ. ತೂಕ 18ರಿಂದ 20 ಕಿಲೋ ಬರುತ್ತದೆ. ಇದರ ತಮ್ಮನಂತಿರುವುದು 26 ಇಂಚಿನ ಗಾಲಿಯ, ಮೂರು ಗೇರಿನ ಇಂಗ್ಲಿಷ್ ಸ್ಪೋರ್ಟ್ಸ್ ಸೈಕಲ್. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಗುರ, ಗಟ್ಟಿ, ಬಿಡಿಭಾಗ ಸಿಗುತ್ತವೆ, ದಿನಾ ಓಡಿಸಬಹುದು.

ಇನ್ನೊಂದು ಕಡೆ ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್‌ಗಳಿವೆ. ಬಿಯಾಂಕಿ, ಪ್ಯೂಜೋ ಮುಂತಾದವು. 1935ರಲ್ಲಿ ಬಂದ ರೆನಾಲ್ಡ್ಸ್ 531 ಉಕ್ಕಿನ ಕೊಳವೆ, ಕ್ಯಾಂಪಾನ್ಯೋಲೊ ಗೇರು, ಫ್ರೇಮಿನ ಕೂಡುಜಾಗದಲ್ಲಿ ಕೆತ್ತನೆಯಂಥ ಲಗ್‌ಗಳು ಇವುಗಳ ಆಕರ್ಷಣೆ. ಅಮೆರಿಕದ ಶ್ವಿನ್ 1933ರಲ್ಲಿ ತಂದ ಬಲೂನ್ ಟೈರಿನ ದಪ್ಪ ಸೈಕಲ್‌ಗಳು ಬೇರೆಯದೇ ಲೋಕ. 1962ರಲ್ಲಿ ಬಂದ ಸಣ್ಣ ಗಾಲಿಯ ಮೌಲ್ಟನ್‌ಗೂ ಅದರದೇ ಅಭಿಮಾನಿಗಳಿದ್ದಾರೆ. ಯಾವುದನ್ನು ಹಿಡಿದರೂ ಸರಿ, ನಿಮ್ಮ ಓಡಾಟಕ್ಕೆ ಅದು ಹೊಂದಬೇಕು. ಮೈ ಬಗ್ಗಿಸಿ ಓಡಿಸಲು ಸೊಂಟ ಒಪ್ಪದಿದ್ದರೆ ರೇಸ್ ಸೈಕಲ್ ಎಷ್ಟೇ ಸೊಗಸಾಗಿದ್ದರೂ ಮೂಲೆ ಸೇರುತ್ತದೆ, ಅಲ್ವಾ?

ಕೊಳ್ಳುವ ಮುಂಚೆ ಟೈರಿನ ಅಳತೆ ನೋಡಿ

ಇದನ್ನು ಜನ ಕೊನೆಗೆ ನೋಡುತ್ತಾರೆ. ಮೊದಲೇ ನೋಡಬೇಕು. ಟೈರ್ ಸಿಗದ ಸೈಕಲ್ ಓಡುವುದಿಲ್ಲ.

ಹಳೇ ಟೈರುಗಳ ಇಂಚಿನ ಅಳತೆ ದಾರಿ ತಪ್ಪಿಸುತ್ತದೆ. '26 × 1 3/8' ಅಂತ ಬರೆದ ಇಂಗ್ಲಿಷ್ ಟೈರು, ಅದೇ ಅಳತೆ ಹೇಳಿಕೊಳ್ಳುವ ಹಳೇ ಶ್ವಿನ್ ರಿಮ್ಮಿಗೆ ಕೂರುವುದಿಲ್ಲ. ನಂಬಬೇಕಾದದ್ದು ಈಗಿನ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಮಿಲಿಮೀಟರ್ ಸಂಖ್ಯೆಯನ್ನು. '37-590' ಅಂತಿದ್ದರೆ ಟೈರಿನ ಅಗಲ 37 ಮಿ.ಮೀ., ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 590 ಮಿ.ಮೀ. ಈ ಎರಡನೆಯ ಸಂಖ್ಯೆ ಹೊಂದಲೇಬೇಕು. ಒಂದು ಮಿಲಿಮೀಟರಿನ ರಾಜಿಯೂ ನಡೆಯುವುದಿಲ್ಲ.

ಬಾಯಿಪಾಠ ಮಾಡಿಕೊಳ್ಳಬೇಕಾದ ಅಳತೆಗಳು ಇಷ್ಟು. ರಾಡ್ ಬ್ರೇಕಿನ ರೋಡ್‌ಸ್ಟರ್‌ಗೆ 28 × 1 1/2, ಅಂದರೆ 635. ಇಂಗ್ಲಿಷ್ ಮೂರು ಗೇರಿನ ಸೈಕಲ್ಲಿಗೆ 590. ಅದನ್ನೇ ಹೋಲುವ ಶ್ವಿನ್‌ಗೆ 597. 1970ರ ದಶಕದ 27 ಇಂಚಿನ ರಸ್ತೆ ಸೈಕಲ್ಲಿಗೆ 630. ಈಗಲೂ ಎಲ್ಲೆಲ್ಲೂ ಸಿಗುವ 700ಸಿ ಎಂದರೆ 622. ಬಲೂನ್ ಟೈರಿಗೆ 559. 622 ಮತ್ತು 635 ಎರಡನ್ನೂ 28 ಇಂಚು ಎಂದೇ ಕರೆಯುವವರಿದ್ದಾರೆ. ಅದಕ್ಕೇ ಮಾತಿನ ಮೇಲೆ ನಂಬಿ ಟೈರ್ ತರಿಸಬೇಡಿ, ಸಂಖ್ಯೆ ಕೇಳಿ.

ರಿಮ್ಮಿಗೆ ಅಂಟಿಸುವ ಟೈರಿನ ರೇಸ್ ಸೈಕಲ್ ಸಿಕ್ಕರೆ ಹಳೇ ಅಂಟನ್ನು ನಂಬಿ ಹತ್ತಲೇಬೇಡಿ. ಅಂಟು ಒಣಗಿ ಪುಡಿಯಾಗಿರುತ್ತದೆ. ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿ ಬರುತ್ತದೆ.

ನೋಡಲು ಹೋದಾಗ ಎಲ್ಲಿ ಕಣ್ಣಿಡಬೇಕು

ಹಗಲು ಬೆಳಕಿನಲ್ಲೇ ನೋಡಿ. ಮೊದಲು ಫ್ರೇಮು. ಹ್ಯಾಂಡಲ್ಲಿನ ಕೆಳಗೆ, ಮುಂದಿನ ಗಿಡ್ಡ ಕೊಳವೆಗೆ ಉದ್ದದ ಎರಡು ಕೊಳವೆಗಳು ಕೂಡುತ್ತವಲ್ಲ, ಅದರ ಸ್ವಲ್ಪ ಹಿಂದೆ ಕೊಳವೆಗಳ ತಳಭಾಗವನ್ನು ಬೆರಳಿನಿಂದ ಸವರಿ. ಉಬ್ಬೋ ಸುಕ್ಕೋ ಸಿಕ್ಕಿದರೆ, ಅಥವಾ ಬಣ್ಣ ಅಡ್ಡಡ್ಡ ಬಿರುಕು ಬಿಟ್ಟಿದ್ದರೆ, ಆ ಸೈಕಲ್ ಎದುರಿನಿಂದ ಯಾವುದಕ್ಕೋ ಗುದ್ದಿದೆ ಅಂತ ಅರ್ಥ. ಕಣ್ಣಿಗಿಂತ ಬೆರಳು ಇದನ್ನು ಚೆನ್ನಾಗಿ ಹೇಳುತ್ತದೆ. ಆಮೇಲೆ ಪಕ್ಕದಲ್ಲಿ ನಿಂತು ಫೋರ್ಕ್, ಅಂದರೆ ಮುಂದಿನ ಗಾಲಿಯನ್ನು ಹಿಡಿದಿರುವ ಕವಲು, ನೋಡಿ. ಅದರ ಮೇಲಿನ ಅರ್ಧ ಮುಂದಿನ ಕೊಳವೆಯ ಗೆರೆಯಲ್ಲೇ ನೇರ ಇಳಿಯಬೇಕು, ಕೆಳಗೆ ಬಂದ ಮೇಲೆ ಮುಂದಕ್ಕೆ ಬಾಗಬೇಕು. ಮೇಲೆಯೇ ಹಿಂದಕ್ಕೆ ತಳ್ಳಿದಂತಿದ್ದರೆ ಫೋರ್ಕ್ ಬೆಂಡಾಗಿದೆ.

ಫ್ರೇಮು ಪಕ್ಕಕ್ಕೆ ಓರೆಯಾಗಿದೆಯಾ ಅಂತ ತಿಳಿಯಲು ಒಂದು ದಾರ ಸಾಕು. ಹಿಂದಿನ ಗಾಲಿ ಕೂರುವ ಜಾಗದ ಒಂದು ಬದಿಗೆ ದಾರ ಕಟ್ಟಿ, ಮುಂದಿನ ಕೊಳವೆಯನ್ನು ಬಳಸಿ ತಂದು, ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಕಡೆಯ ದಾರಕ್ಕೆ ಇರುವ ದೂರ ಅಳೆಯಿರಿ. ಎರಡೂ ಒಂದೇ ಇದ್ದರೆ ಫ್ರೇಮು ನೇರ ಇದೆ. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಉಕ್ಕಿನ ಫ್ರೇಮನ್ನು ಪಳಗಿದ ಕೈಯವರು ಬಗ್ಗಿಸಿ ಸರಿಮಾಡುತ್ತಾರೆ.

ಆಮೇಲೆ ಸೀಟಿನ ಕಂಬಿ ಮತ್ತು ಹ್ಯಾಂಡಲ್ಲನ್ನು ಫ್ರೇಮಿಗೆ ಸೇರಿಸುವ ಸ್ಟೆಮ್ ಅಲುಗುತ್ತವಾ ನೋಡಿ. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಕಂಬಿ ವರ್ಷಗಟ್ಟಲೆ ಕೂತರೆ ಎರಡು ಲೋಹಗಳ ನಡುವೆ ತೇವ ಸೇರಿ, ಅಲ್ಯೂಮಿನಿಯಂ ಊದಿಕೊಂಡು ಕಚ್ಚಿಕೊಳ್ಳುತ್ತದೆ. ಒಳಗಿಳಿಯುವ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ತಿರುಗಿಸಿ ನೋಡಬಹುದು. ಕೆಲವು ಬರುತ್ತವೆ, ಕೆಲವನ್ನು ಕತ್ತರಿಸಿಯೇ ತೆಗೆಯಬೇಕು. ಸೀಟಿನ ಎತ್ತರ ನಿಮಗೆ ಸರಿಯಿಲ್ಲದೆ ಕಂಬಿಯೂ ಕಚ್ಚಿಕೊಂಡಿದ್ದರೆ ಬೆಲೆ ಮಾತಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಫ್ರೇಮಿನ ಅಳತೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಸೀಟಿನ ಮುಂದೆ, ಮೇಲಿನ ಕೊಳವೆಯನ್ನು ಎರಡು ಕಾಲುಗಳ ನಡುವೆ ಇಟ್ಟು ಪಾದ ಪೂರ್ತಿ ಊರಿ ನಿಲ್ಲಲು ಆಗಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೇರ ಆಗಬೇಕು. ತುಕ್ಕು ತೆಗೆಯಬಹುದು, ಬೆಂಡು ತೆಗೆಯಬಹುದು. ಅಳತೆ ಬದಲಾಗುವುದಿಲ್ಲ.

ಕ್ರೋಮಿನ ಮೇಲಿನ ತುಕ್ಕಿನ ಚುಕ್ಕಿ, ಹರಿದ ಸೀಟು, ಚಪ್ಪಟೆಯಾದ ಟೈರು, ಗಟ್ಟಿಯಾದ ಗ್ರೀಸು, ಇವಕ್ಕೆ ಹೆದರಬೇಡಿ. ಫ್ರೇಮಿನ ಬಿರುಕಿಗೆ, ಪೆಡಲ್ ಹಿಡಿದಿರುವ ತೋಳಿನ, ಅಂದರೆ ಕ್ರ್ಯಾಂಕಿನ, ಬಿರುಕಿಗೆ ಹೆದರಿ. ಫ್ರೇಮ್ ನಂಬರ್ ಅರೆದು ಅಳಿಸಿದ್ದರೆ ಬೆಲೆ ಎಷ್ಟೇ ಕಮ್ಮಿ ಇದ್ದರೂ ಬಿಟ್ಟು ಬನ್ನಿ. ಕದ್ದ ಮಾಲು ಇರಬಹುದು.

ವಯಸ್ಸು ಕಂಡುಹಿಡಿಯುವುದು

ನನಗೆ ತುಂಬ ಖುಷಿ ಕೊಡುವ ಕೆಲಸ ಇದು. ಮಾರುವವರು ಹೇಳುವ ಇಸವಿಗಿಂತ ಸೈಕಲ್ಲೇ ಹೇಳುವ ಇಸವಿ ಹೆಚ್ಚು ನಂಬಿಕೆಗೆ ಅರ್ಹ.

ಹಿಂದಿನ ಗಾಲಿಯ ನಡುವೆ ಸ್ಟರ್ಮೀ ಆರ್ಚರ್ ಕಂಪನಿಯ, ಒಳಗೇ ಮೂರು ಗೇರಿರುವ ಹಬ್ ಇದ್ದರೆ ಅದರ ಮೈಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ. ಮಾದರಿಯ ಹೆಸರಿನ ಜೊತೆ ಅಂಕಿಗಳು ಕಾಣುತ್ತವೆ. 'ಎಡಬ್ಲ್ಯು' ಜೊತೆ 62, ಅದರ ಹತ್ತಿರ 5 ಅಂತಿದ್ದರೆ ಆ ಹಬ್ ಮಾಡಿದ್ದು 1962ರ ಮೇ ತಿಂಗಳಲ್ಲಿ. ಕ್ಯಾಂಪಾನ್ಯೋಲೊ ನುವೊವೊ ರೆಕಾರ್ಡ್ ಹಿಂದಿನ ಡಿರೇಲರ್ (ಗೇರು ಬದಲಿಸಲು ಚೈನನ್ನು ಸರಿಸುವ ಭಾಗ) ಮೇಲೆ 1970ರ ದಶಕದಲ್ಲಿ ಪೇಟೆಂಟ್ ಎಂಬ ಪದದ ಪಕ್ಕ ಎರಡಂಕಿಯ ಇಸವಿ ಇರುತ್ತಿತ್ತು. ಶಿಮಾನೊ ಭಾಗಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಹುಡುಕಿ. ಮೊದಲನೆಯದು ಇಸವಿ, ಎರಡನೆಯದು ತಿಂಗಳು. 'ಎ' ಎಂದರೆ 1976, 'ಬಿ' ಎಂದರೆ 1977, ಹೀಗೆ ಮುಂದೆ.

ಇದು ಆ ಭಾಗದ ವಯಸ್ಸು, ಸೈಕಲ್ಲಿನದ್ದಲ್ಲ ಎನ್ನುವುದು ನೆನಪಿರಲಿ. ನಡುವೆ ಯಾರಾದರೂ ಗಾಲಿ ಬದಲಿಸಿರಬಹುದು. ಮೂರ್ನಾಲ್ಕು ಭಾಗಗಳು ಒಂದೇ ಕಾಲವನ್ನು ತೋರಿಸಿದರೆ, ಫ್ರೇಮ್ ನಂಬರೂ ಅದಕ್ಕೆ ಹೊಂದಿದರೆ, ಆಗ ಧೈರ್ಯವಾಗಿ ಇಸವಿ ಬರೆದುಕೊಳ್ಳಿ.

ತೊಳೆಯಿರಿ, ಬಣ್ಣ ಹೊಡೆಸಬೇಡಿ

ಮನೆಗೆ ತಂದ ಸೈಕಲ್ಲಿಗೆ ಹೊಸ ಬಣ್ಣ ಹೊಡೆಸುವ ಆತುರ ಬಹಳ ಜನಕ್ಕೆ. ದಯವಿಟ್ಟು ತಡೆಯಿರಿ. ಕಾರ್ಖಾನೆಯ ಬಣ್ಣ, ಅದರ ಮೇಲಿನ ತೆಳು ಚಿನ್ನದ ಗೆರೆ, ಮಾಸಿದ ಚಿತ್ರ ಒಮ್ಮೆ ಹೋದರೆ ಹೋಯಿತು. ಉಜ್ಜಿ ತೆಗೆದದ್ದನ್ನು ಯಾರೂ ವಾಪಸು ತರಲಾರರು. ಗೀರು ಇದ್ದರೆ ಇರಲಿ. ಆ ಸೈಕಲ್ ಎಲ್ಲೆಲ್ಲಿ ಒರಗಿ ನಿಂತಿತ್ತು, ಯಾವ ಕಡೆಯಿಂದ ಹತ್ತುತ್ತಿದ್ದರು ಅನ್ನುವುದು ಆ ಗೀರುಗಳಲ್ಲಿ ಇದೆ.

ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಕೇಬಲ್ ಯಾವ ದಾರಿಯಲ್ಲಿ ಹೋಗಿದೆ, ವಾಷರ್ ಯಾವ ಕ್ರಮದಲ್ಲಿದೆ, ಎಲ್ಲ ಇರಲಿ. ಆಮೇಲೆ ಉಗುರುಬೆಚ್ಚನೆ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ. ಸ್ಟಿಕ್ಕರ್ ಮತ್ತು ಚಿನ್ನದ ಗೆರೆಯ ಮೇಲೆ ಉಜ್ಜಬೇಡಿ. ಸೀಮೆಎಣ್ಣೆ, ತಿನ್ನರ್‌ನಂಥದ್ದು ಬಳಸುವ ಮುಂಚೆ ಕಾಣದ ಜಾಗದಲ್ಲಿ ಒಂದು ಚುಕ್ಕಿ ಹಚ್ಚಿ ನೋಡಿ. ಹಳೇ ಬಣ್ಣದ ಮೇಲಿನ ಚಿತ್ರಗಳು ತಿನ್ನರ್ ತಾಗಿದ ತಕ್ಷಣ ಕರಗಬಹುದು. ತೊಳೆದು ಒಣಗಿಸಿದ ಮೇಲೆ ಮೇಣದ ಪಾಲಿಶ್ ಹಚ್ಚಿ. ಕಪ್ಪು ಬಣ್ಣ ಎಷ್ಟು ಆಳವಾಗಿ ಮಿನುಗುತ್ತದೆ ಅಂತ ಆಗ ಗೊತ್ತಾಗುತ್ತದೆ.

ಕ್ರೋಮಿನ ಮೇಲಿನ ತೆಳು ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ. ಹಾಗಾಗಿ ಗೀರು ಬೀಳುವುದಿಲ್ಲ, ತುಕ್ಕು ಮಾತ್ರ ಬರುತ್ತದೆ. ಕಪ್ಪು ಕೆಸರಿನಂಥದ್ದು ಬಂದಾಗ ಒರೆಸಿ, ಮತ್ತೆ ಉಜ್ಜಿ.

ಜಾಸ್ತಿ ತುಕ್ಕು ಹಿಡಿದ ಉಕ್ಕಿನ ಭಾಗಗಳನ್ನು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಹಾಕಬಹುದು. ಅದು ತುಕ್ಕನ್ನು ಕರಗಿಸುತ್ತದೆ. ಆದರೆ ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಗಾಳಿಯಾಡುವ ಜಾಗದಲ್ಲಿ, ಮಕ್ಕಳು ಮತ್ತು ಪ್ರಾಣಿಗಳಿಂದ ದೂರ ಮಾಡಿ. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಆಗಾಗ ತೆಗೆದು ನೋಡಿ, ತುಕ್ಕು ಬಿಟ್ಟ ಕೂಡಲೇ ಹೊರತೆಗೆಯಿರಿ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಿ. ಅಲ್ಯೂಮಿನಿಯಂ, ಸತುವಿನ ಲೇಪದ ಕಡ್ಡಿಗಳು, ಚರ್ಮ, ಇವನ್ನು ಆ ಬಕೆಟ್ಟಿನ ಹತ್ತಿರವೂ ತರಬೇಡಿ.

ಬಿಚ್ಚುವುದು: ಕಾಟರ್ ಪಿನ್ ಮತ್ತು ಗುಂಡುಗಳು

ಹಳೇ ಉಕ್ಕಿನ ಕ್ರ್ಯಾಂಕ್ ಅಚ್ಚಿಗೆ ಕೂರುವುದು ಕಾಟರ್ ಪಿನ್ನಿನ ಬಲದ ಮೇಲೆ. ಒಂದು ಬದಿ ಚಪ್ಪಟೆ, ಇನ್ನೊಂದು ತುದಿಗೆ ನಟ್ಟು. ಇದನ್ನು ಸುತ್ತಿಗೆಯಿಂದ ಸುಮ್ನೆ ಹೊಡೆದು ತೆಗೆಯಲು ಹೋಗಿ ಪಿನ್ನು ಬಗ್ಗಿಸಿ, ಗುಂಡುಗಳು ಕೂರುವ ಬಟ್ಟಲಿಗೆ, ಅಂದರೆ ಕಪ್ಪಿಗೆ, ಗುಳಿ ಬೀಳಿಸಿದ ಸೈಕಲ್‌ಗಳು ಎಷ್ಟೋ ಇವೆ. ಹೊಡೆತದ ಬಲವೆಲ್ಲ ಒಳಗಿನ ಗುಂಡುಗಳಿಗೆ ಹೋಗುತ್ತದೆ. ಗುಂಡು ಕಪ್ಪಿನಲ್ಲಿ ಅಚ್ಚೊತ್ತುತ್ತದೆ. ಆಮೇಲೆ ಪೆಡಲ್ ತುಳಿದಾಗೆಲ್ಲ ಕಟಕಟ.

ಸರಿಯಾದ ದಾರಿ ಹೀಗೆ. ಹಿಂದಿನ ರಾತ್ರಿಯೇ ಪಿನ್ನಿನ ಎರಡೂ ತುದಿಗೆ ಒಳಗಿಳಿಯುವ ಎಣ್ಣೆ ಬಿಡಿ. ಮರುದಿನ ನಟ್ಟು ಸಡಿಲಿಸಿ, ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮ ಆಗುವಷ್ಟು ಬಿಡಿ. ಹಾಗೆ ಬಿಟ್ಟರೆ ಥ್ರೆಡ್ ಹಾಳಾಗುವುದಿಲ್ಲ. ಪಿನ್ ಒತ್ತಿ ತೆಗೆಯುವ ಪ್ರೆಸ್ ಸಿಕ್ಕರೆ ಅದೇ ಅತ್ಯುತ್ತಮ. ಈ ಬಗೆಯ ಸೈಕಲ್ಲುಗಳನ್ನೇ ಸೇರಿಸುವವರು ಆ ಪ್ರೆಸ್ಸನ್ನು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಪಿನ್ನಿನ ದಪ್ಪ ತಲೆ ಒಳಗೆ ಇಳಿಯುವಷ್ಟು ಅಗಲದ ಗಟ್ಟಿ ಕಬ್ಬಿಣದ ಪೈಪನ್ನು ನೆಲದಿಂದ ಕ್ರ್ಯಾಂಕಿನವರೆಗೆ ಆಸರೆ ಕೊಡಿ. ಆಗ ಹೊಡೆತ ನೇರ ನೆಲಕ್ಕೆ ಹೋಗುತ್ತದೆ, ಗುಂಡುಗಳಿಗೆ ಹೋಗುವುದಿಲ್ಲ. ಮೇಲಿನಿಂದ ಒಂದು ಭಾರವಾದ, ನೇರವಾದ ಪೆಟ್ಟು. ಹತ್ತಾರು ಸಣ್ಣ ಪೆಟ್ಟುಗಳಿಂದ ಪಿನ್ನಿನ ತುದಿ ಹರಡಿಕೊಂಡು ಇನ್ನೂ ಬಿಗಿಯಾಗುತ್ತದೆ.

ಹೊಸ ಪಿನ್ನು ತರುವಾಗ ಹಳೆಯದರ ದಪ್ಪ ಅಳೆದುಕೊಂಡು ಹೋಗಿ. 9.5 ಮಿ.ಮೀ. ಇರಬಹುದು, 9 ಮಿ.ಮೀ. ಇರಬಹುದು. ಚಪ್ಪಟೆ ಬದಿಯನ್ನು ಅರದಿಂದ ಸ್ವಲ್ಪ ತಿದ್ದಬೇಕಾಗುತ್ತದೆ. ಹಾಕುವಾಗ ಎರಡೂ ಪಿನ್ನುಗಳು ಒಂದಕ್ಕೊಂದು ಎದುರು ದಿಕ್ಕಿನಿಂದ ಹೋಗಬೇಕು. ಒಂದೇ ದಿಕ್ಕಿನಿಂದ ಹಾಕಿದರೆ ಎರಡು ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಿನ್ನನ್ನು ಮೊದಲು ಒತ್ತಿ ಕೂರಿಸಿ, ಆಮೇಲೆ ನಟ್ಟು ಹಾಕಿ. ನಟ್ಟು ಎಳೆದು ಪಿನ್ನು ಕೂರಿಸಲು ಹೋದರೆ ಥ್ರೆಡ್ ಕಿತ್ತುಬರುತ್ತದೆ.

ಕ್ರ್ಯಾಂಕ್ ಬಂದ ಮೇಲೆ ಕಪ್ಪು ತೆಗೆಯುವಾಗ ದಿಕ್ಕು ಗಮನಿಸಿ. ಇಂಗ್ಲಿಷ್ ಫ್ರೇಮಿನಲ್ಲಿ ಚೈನ್ ಕಡೆಯ ಕಪ್ಪಿಗೆ ಎಡ ಥ್ರೆಡ್. ಅಂದರೆ ಸಾಮಾನ್ಯಕ್ಕೆ ವಿರುದ್ಧವಾಗಿ ತಿರುಗಿಸಬೇಕು. ಇಟಲಿಯ ಫ್ರೇಮಿನಲ್ಲಿ ಎರಡೂ ಕಡೆ ಬಲ ಥ್ರೆಡ್. ಅಳತೆಯೂ ಬೇರೆ. ಇಂಗ್ಲಿಷಿನದು 1.37 ಇಂಚು, ಇಟಲಿಯದು 36 ಮಿ.ಮೀ., ಹಳೇ ಫ್ರೆಂಚ್ ಸೈಕಲ್ಲುಗಳದ್ದು 35 ಮಿ.ಮೀ. ರ್ಯಾಲೀ ತನ್ನ ಎಷ್ಟೋ ಸೈಕಲ್ಲುಗಳಿಗೆ ಬೇರೆಯವರು ಬಳಸದ, ಇಂಚಿಗೆ 26 ಸುತ್ತಿನ ಸಣ್ಣ ಥ್ರೆಡ್ ಹಾಕಿತ್ತು. ಒಂದರ ಕಪ್ಪು ಇನ್ನೊಂದಕ್ಕೆ ಬಲವಂತದಿಂದ ಹಾಕಿದರೆ ಫ್ರೇಮೇ ಹಾಳು. ಹಳೇ ಕಪ್ಪಿನಲ್ಲಿ ಗುಳಿ ಇಲ್ಲದಿದ್ದರೆ ಅದನ್ನೇ ಉಳಿಸಿಕೊಳ್ಳಿ. ಎಡಗಡೆಯ ಪೆಡಲ್ಲಿಗೂ ಎಡ ಥ್ರೆಡ್ ಎನ್ನುವುದು ನಿಮಗೆ ಗೊತ್ತೇ ಇರುತ್ತದೆ.

ಬಿಚ್ಚುವ ಮುಂಚೆ ಕೆಳಗೆ ಬಿಳಿ ಬಟ್ಟೆ ಹಾಸಿ, ಗುಂಡುಗಳು ಉರುಳಿ ಹೋಗುತ್ತವೆ. ಕಪ್ಪಿನ ಗುಂಡು ಸಾಮಾನ್ಯವಾಗಿ ಕಾಲಿಂಚು, ಬಿಡಿ ಗುಂಡಾದರೆ ಒಂದು ಬದಿಗೆ 11. ಹಿಂದಿನ ಹಬ್ಬಿಗೆ ಬದಿಗೆ 9, ಅದೂ ಕಾಲಿಂಚು. ಮುಂದಿನ ಹಬ್ಬಿಗೆ ಇನ್ನೂ ಸಣ್ಣವು, ಬಹುತೇಕ 3/16 ಇಂಚು. ನಿಮ್ಮ ಸೈಕಲ್ಲಿನಲ್ಲಿ ಎಷ್ಟು ಬಂದವು ಅಂತ ಎಣಿಸಿ ಬರೆದಿಡಿ. ಗುಂಡು ಅಗ್ಗ, ಎಲ್ಲವನ್ನೂ ಹೊಸದು ಹಾಕಿ. ಹೊಸದು ಹಳೆಯದು ಬೆರೆಸಬೇಡಿ.

ಹಬ್ಬಿನ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡುವುದರಲ್ಲೇ ಇಡೀ ಕೆಲಸದ ಸೊಗಸು ಇದೆ. ಬಿಗಿ ಜಾಸ್ತಿಯಾದರೆ ಅಚ್ಚು ತಿರುಗಿಸಿದಾಗ ಬೆರಳಿಗೆ ತರಿತರಿ ಅನ್ನಿಸುತ್ತದೆ. ಸಡಿಲವಾದರೆ ಗಾಲಿ ಪಕ್ಕಕ್ಕೆ ಅಲುಗುತ್ತದೆ. ಇವೆರಡರ ನಡುವೆ ಒಂದು ಜಾಗ ಇದೆ. ಅದು ಸಿಕ್ಕಾಗ ಗಾಲಿಯನ್ನು ಎತ್ತಿಹಿಡಿದು ಬಿಟ್ಟರೆ ವಾಲ್ವ್ ಇರುವ ಕಡೆಯ ಭಾರಕ್ಕೇ ಗಾಲಿ ತಾನಾಗಿ ನಿಧಾನಕ್ಕೆ ತಿರುಗಿ, ಹಿಂದಕ್ಕೂ ಮುಂದಕ್ಕೂ ತೂಗಾಡಿ ನಿಲ್ಲುತ್ತದೆ. ಕೋನನ್ನು ಅಲುಗದಂತೆ ಹಿಡಿಯುವ ಚೆಕ್‌ನಟ್ಟು ಬಿಗಿದಾಗ ಕೋನ್ ಸ್ವಲ್ಪ ತಿರುಗಿಬಿಡುತ್ತದೆ. ಹಾಗಾಗಿ ಬಿಗಿದ ಮೇಲೆ ಇನ್ನೊಮ್ಮೆ ನೋಡಿ.

ಮೂರು ಗೇರಿನ ಹಬ್

ಸ್ಟರ್ಮೀ ಆರ್ಚರ್ ಎಡಬ್ಲ್ಯು ಹಬ್ ಬಂದದ್ದು 1936ರಲ್ಲಿ. ದಶಕಗಳ ಕಾಲ ಹೆಚ್ಚು ಬದಲಾವಣೆ ಇಲ್ಲದೆ ಬಂತು. ಮಧ್ಯದ ಗೇರಿನಲ್ಲಿ ಚೈನ್‌ಚಕ್ರ ಒಂದು ಸುತ್ತು ಬಂದರೆ ಗಾಲಿಯೂ ಒಂದು ಸುತ್ತು. ಕೆಳಗಿನ ಗೇರಿನಲ್ಲಿ ಅದರ ಮುಕ್ಕಾಲು. ಮೇಲಿನದರಲ್ಲಿ ಒಂದೂ ಮೂರನೇ ಒಂದು. ಇದರಂಥ ನಂಬಿಕಸ್ತ ಯಂತ್ರ ಸೈಕಲ್ ಚರಿತ್ರೆಯಲ್ಲೇ ಕಮ್ಮಿ. ಎಷ್ಟೋ ವರ್ಷ ಮೂಲೆಯಲ್ಲಿ ಬಿದ್ದಿದ್ದ ಹಬ್, ತೆಳು ಎಣ್ಣೆ ಬಿಟ್ಟು ಸ್ವಲ್ಪ ತಿರುಗಿಸಿದ ಮೇಲೆ ಮತ್ತೆ ಕೆಲಸ ಶುರು ಮಾಡುವುದು ಸಾಮಾನ್ಯ. ಹಬ್ಬಿನ ಮೈಮೇಲೆ ಸಣ್ಣ ಮುಚ್ಚಳದ ತೂತು ಇರುತ್ತದೆ. ತಿಂಗಳಿಗೊಮ್ಮೆ ನಾಲ್ಕೈದು ಹನಿ ತೆಳು ಯಂತ್ರದ ಎಣ್ಣೆ ಬಿಡಿ. ಅಡುಗೆ ಎಣ್ಣೆ ಬಿಟ್ಟರೆ ಒಳಗೆಲ್ಲ ಅಂಟಾಗುತ್ತದೆ.

ಕೇಬಲ್ ಹದ ಮಾಡುವುದನ್ನು ಮಾತ್ರ ಗಮನವಿಟ್ಟು ಮಾಡಿ. ಮಧ್ಯದ ಗೇರಿಗೆ ಹಾಕಿ. ಬಲಗಡೆಯ ಆಕ್ಸಲ್ ನಟ್ಟಿನಲ್ಲಿ ಒಂದು ಕಿಂಡಿ ಇದೆ, ಅದರೊಳಗೆ ನೋಡಿ. ಸಣ್ಣ ಚೈನಿಗೆ ಸೇರಿದ ಕಡ್ಡಿಯ ತುದಿ ಆಕ್ಸಲ್ಲಿನ ತುದಿಗೆ ಸಮವಾಗಿರಬೇಕು. ಆಚೆ ಈಚೆ ಇದ್ದರೆ ಕೇಬಲ್ಲಿನ ತಿರುಪು ತಿರುಗಿಸಿ ಸಮ ಮಾಡಿ. ಇದು ತಪ್ಪಿದ್ದರೆ ಮಧ್ಯದ ಗೇರಿಗೂ ಮೇಲಿನದಕ್ಕೂ ನಡುವೆ ಹಬ್ ಯಾವ ಗೇರೂ ಇಲ್ಲದೆ ಬಿಡುತ್ತದೆ. ಪೆಡಲ್ ಥಟ್ಟನೆ ಖಾಲಿ ತಿರುಗುತ್ತದೆ. ನಿಂತು ತುಳಿಯುತ್ತಿದ್ದರೆ ಬೀಳುವುದೇ. ಕೇಬಲ್ ಹೊಸದಾಗಿ ಹಾಕಿದ ಮೇಲೆ ಮೊದಲ ಕೆಲವು ಸಲ ಕೂತೇ ತುಳಿಯಿರಿ. ಗೇರು ಬದಲಿಸುವಾಗ ಅರೆಕ್ಷಣ ತುಳಿಯುವುದನ್ನು ನಿಲ್ಲಿಸಿ.

ಹಬ್ಬಿನೊಳಗೇ ಡೈನಮೋ ಇರುವ ಡೈನೊಹಬ್ ಸಿಕ್ಕರೆ ಒಂದು ಎಚ್ಚರ. ಮ್ಯಾಗ್ನೆಟ್ಟಿನ ಉಂಗುರದಿಂದ ನಡುವಿನ ತಂತಿಸುರುಳಿಯ ಭಾಗವನ್ನು ಹಾಗೇ ಎಳೆದು ತೆಗೆಯಬೇಡಿ. ಮ್ಯಾಗ್ನೆಟ್ಟಿನ ಬಲ ಕುಂದಿ ದೀಪ ಮಂಕಾಗುತ್ತದೆ. ತೆಗೆಯಲೇಬೇಕಾದರೆ ಅದು ಹೊರಬರುತ್ತಿದ್ದ ಹಾಗೇ ಅದರ ಜಾಗಕ್ಕೆ ಕಬ್ಬಿಣದ ಬಿಲ್ಲೆ ಸರಿಯುವಂತೆ ಮಾಡಬೇಕು.

ಹಳೇ ಸೈಕಲ್ಲುಗಳ ಗೇರು ಇವತ್ತಿನ ಕಾಲಿಗೆ ಭಾರ ಅನ್ನಿಸಬಹುದು. ಹಿಂದಿನ 18 ಹಲ್ಲಿನ ಚಕ್ರದ ಬದಲು 22 ಹಲ್ಲಿನದು ಹಾಕಿ ನೋಡಿ, ಏರು ಎಷ್ಟೋ ಹಗುರ ಆಗುತ್ತದೆ. ಚೈನಿಗೆ ಒಂದೆರಡು ಕೊಂಡಿ ಜಾಸ್ತಿ ಬೇಕಾಗುತ್ತದೆ. ಇಂಥ ಬದಲಾವಣೆಯಲ್ಲಿ ತಪ್ಪೇನೂ ಇಲ್ಲ, ಒಂದು ನಿಯಮ ಪಾಲಿಸಿದರೆ. ಏನು ಮಾಡಿದರೂ ವಾಪಸು ಮೊದಲಿನಂತೆ ಮಾಡಲು ಆಗಬೇಕು. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ. ಫ್ರೇಮಿಗೆ ತೂತು ಕೊರೆಯುವುದು, ಬೆಸುಗೆ ಹಾಕಿಸುವುದು ಬೇಡ.

ರಸ್ತೆಗೆ ಇಳಿಸುವ ಮುಂಚೆ

ಬ್ರೇಕಿನ ರಬ್ಬರು, ಒಳಗಿನ ಮತ್ತು ಹೊರಗಿನ ಕೇಬಲ್, ಟೈರು, ಟ್ಯೂಬು, ರಿಮ್ ಪಟ್ಟಿ, ಇವನ್ನು ನೋಡಲು ಚೆನ್ನಾಗಿದ್ದರೂ ಹೊಸದು ಹಾಕಿ. ಹಳೇ ಅಲ್ಯೂಮಿನಿಯಂ ಹ್ಯಾಂಡಲ್ ಮತ್ತು ಸ್ಟೆಮ್‌ಗಳನ್ನು ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಓಡಿಸಲು ಬೇರೆಯದು ಹಾಕಿ. ಅಲ್ಯೂಮಿನಿಯಂ ಮುರಿಯುವಾಗ ಮುನ್ಸೂಚನೆ ಕೊಡುವುದು ಕಮ್ಮಿ.

ಕ್ರೋಮಿನ ಉಕ್ಕಿನ ರಿಮ್ ಒಣಗಿದ್ದಾಗ ಪರವಾಗಿಲ್ಲ. ಮಳೆಯಲ್ಲಿ ಬ್ರೇಕ್ ಹಿಡಿದರೂ ಸೈಕಲ್ ಜಾರುತ್ತಲೇ ಹೋಗುತ್ತದೆ. ಉಕ್ಕಿನ ರಿಮ್ಮಿಗೆಂದೇ ಮಾಡಿದ, ಚರ್ಮದ ಮುಖದ ಬ್ರೇಕ್ ರಬ್ಬರು ಇದೆ, ಅದು ಸ್ವಲ್ಪ ಸಹಾಯ ಮಾಡುತ್ತದೆ. ನನ್ನ ಸಲಹೆ ಕೇಳಿದರೆ, ಇಂಥ ಸೈಕಲ್ಲನ್ನು ಮಳೆಯಲ್ಲಿ ಇಳಿಜಾರಿಗೆ ಒಯ್ಯಲೇಬೇಡಿ. ರಾಡ್ ಬ್ರೇಕಿನಲ್ಲಿ ರಬ್ಬರು ರಿಮ್ಮಿನ ಪಕ್ಕಕ್ಕಲ್ಲ, ಒಳಮೈಗೆ ಒತ್ತುತ್ತದೆ. ಹಾಗಾಗಿ ರಿಮ್ ಪಕ್ಕಕ್ಕೂ ಸರಿಯಿರಬೇಕು, ಮೇಲೆ ಕೆಳಗೂ ಉರುಟಾಗಿರಬೇಕು. ಇಲ್ಲದಿದ್ದರೆ ಸುತ್ತಿಗೊಮ್ಮೆ ಎಳೆಯುತ್ತದೆ.

ಚರ್ಮದ ಸೀಟು ಹರಿದಿಲ್ಲದಿದ್ದರೆ ಉಳಿಸಿಕೊಳ್ಳಿ. ಸೀಟಿಗೆಂದೇ ಸಿಗುವ ಮೇಣವನ್ನು ತೆಳ್ಳಗೆ ಹಚ್ಚಿ. ಎಣ್ಣೆಯಲ್ಲಿ ನೆನೆಸಿದರೆ ಚರ್ಮ ಮೆತ್ತಗಾಗಿ ಜೋತುಬೀಳುತ್ತದೆ. ಮುಂದಿನ ತುದಿಯ ಕೆಳಗೆ ಬಿಗಿ ಮಾಡುವ ನಟ್ಟು ಇದೆ. ಸೀಟು ನಡುವೆ ತಗ್ಗಾಗಿದ್ದರೆ ಅದನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ.

ಓಡಿಸುವ ರೀತಿ

ಹಳೇ ರೋಡ್‌ಸ್ಟರ್‌ಗೆ ಅದರದೇ ನಡಿಗೆ ಇದೆ. ಗಾಲಿಗಳ ನಡುವೆ ದೂರ ಜಾಸ್ತಿ, ಮುಂದಿನ ಕೊಳವೆ ಹೆಚ್ಚು ವಾಲಿರುತ್ತದೆ. ಅದಕ್ಕೇ ಕೆಟ್ಟ ರಸ್ತೆಯಲ್ಲೂ ಮೈ ಕುಲುಕುವುದು ಕಮ್ಮಿ, ತಿರುಗುವುದು ನಿಧಾನ. ನಿಂತು ತುಳಿಯುವ ಬದಲು ಬೆನ್ನು ನೆಟ್ಟಗಿಟ್ಟು, ಒಂದೇ ಹದದಲ್ಲಿ ತುಳಿಯಿರಿ. ಏರು ಬಂದರೆ ಇಳಿದು ತಳ್ಳಿಕೊಂಡು ಹೋಗಿ, ಆ ಕಾಲದವರೂ ಹಾಗೇ ಮಾಡುತ್ತಿದ್ದರು.

ಹಳೇ ರೇಸ್ ಸೈಕಲ್ಲಿನ ಗೇರಿನ ಸನ್ನೆ (ಲಿವರ್) ಫ್ರೇಮಿನ ಇಳಿಜಾರು ಕೊಳವೆಯ ಮೇಲಿರುತ್ತದೆ. ಕ್ಲಿಕ್ ಅಂತ ನಿಲ್ಲುವ ಗೇರುಗಳು ಬಳಕೆಗೆ ಬಂದದ್ದು 1980ರ ದಶಕದ ನಡುವಿನಲ್ಲಿ. ಅದಕ್ಕೂ ಮುಂಚಿನದರಲ್ಲಿ ಕಿವಿಯೇ ಗುರು. ಒಂದು ಕೈ ಹ್ಯಾಂಡಲ್ಲಿನಿಂದ ತೆಗೆದು, ತುಳಿತ ಹಗುರ ಮಾಡಿ, ಸನ್ನೆ ಎಳೆದು, ಚೈನಿನ ಸದ್ದು ನಿಲ್ಲುವವರೆಗೆ ತುಸು ಹಿಂದೆ ಮುಂದೆ ಮಾಡಬೇಕು. ಏರು ಶುರುವಾಗುವ ಮುಂಚೆಯೇ ಗೇರು ಇಳಿಸಿ. ನಡು ಏರಿನಲ್ಲಿ ಬದಲಿಸಲು ಹೋದರೆ ಚೈನ್ ಒದ್ದಾಡುತ್ತದೆ. ಇದು ಕೈವಶವಾದ ದಿನ ಆಗುವ ಖುಷಿಯೇ ಬೇರೆ.

ಎಷ್ಟು ಸಾಕು?

ತಿಂಗಳಿಗೊಮ್ಮೆಯಾದರೂ ಓಡಿಸಲು ಆಗುವಷ್ಟು. ಅದಕ್ಕಿಂತ ಜಾಸ್ತಿಯಾದರೆ ಯಾವುದೋ ಒಂದಕ್ಕೆ ನಿಮ್ಮ ಗಮನ ಸಿಗುತ್ತಿಲ್ಲ. ಅದನ್ನು ಓಡಿಸುವವರಿಗೆ ಕೊಟ್ಟುಬಿಡಿ. ಒಣ ಜಾಗದಲ್ಲಿ, ಬಿಸಿಲು ಬೀಳದಂತೆ, ಟೈರಿನಲ್ಲಿ ಗಾಳಿ ಇಟ್ಟು ನಿಲ್ಲಿಸಿ. ಗಾಳಿಯಿಲ್ಲದೆ ನಿಂತ ಟೈರು ಮಡಿಕೆಯಲ್ಲೇ ಸೀಳುತ್ತದೆ.

ಪ್ರತಿ ಸೈಕಲ್ಲಿಗೂ ಒಂದು ಪುಸ್ತಕ ಇಡಿ. ಫ್ರೇಮ್ ನಂಬರು, ಹಬ್ಬಿನ ಇಸವಿ, ಯಾರಿಂದ ಬಂತು, ಅವರು ಹೇಳಿದ ಕತೆ, ಗ್ರೀಸ್ ಹಾಕಿದ ತಾರೀಖು, ಬದಲಿಸಿದ ಭಾಗ. ಸೈಕಲ್ ಕೈ ಬದಲಿಸಿದರೆ ಪುಸ್ತಕವೂ, ತೆಗೆದಿಟ್ಟ ಹಳೇ ಭಾಗಗಳ ಡಬ್ಬಿಯೂ ಜೊತೆಗೆ ಹೋಗಲಿ.

ಜೊತೆಗೆ ಓಡಿಸುವವರು

ಬ್ರಿಟನ್ನಿನ ವೆಟರನ್ ಸೈಕಲ್ ಕ್ಲಬ್ 1955ರಿಂದ ಇದೆ. ಅಮೆರಿಕದ 'ದಿ ವೀಲ್‌ಮೆನ್' 1967ರಲ್ಲಿ ಶುರುವಾಯಿತು. ಇಂಥ ಸಂಘಗಳ ಹಿರಿಯರಿಗೆ ಒಂದು ತಿರುಪಿನ ಫೋಟೊ ತೋರಿಸಿದರೂ ಅದು ಯಾವ ಸೈಕಲ್ಲಿನದು ಎಂದು ಹೇಳುವವರಿದ್ದಾರೆ. ಹತ್ತಿರದಲ್ಲಿ ಸಂಘ ಇಲ್ಲದಿದ್ದರೆ ಹಳೇ ಸೈಕಲ್ ರಿಪೇರಿಯವರನ್ನು ಪರಿಚಯ ಮಾಡಿಕೊಳ್ಳಿ. ಅವರ ಕೈಯಲ್ಲಿರುವ ವಿದ್ಯೆ ಎಲ್ಲೂ ಬರೆದಿಟ್ಟಿರುವುದಿಲ್ಲ. ಅವರ ಪಕ್ಕ ಕೂತು ನೋಡಿ, ಕೇಳಿ ಬರೆದುಕೊಳ್ಳಿ.

ದೂರದ ಓಟದ ಆಸೆ ಇದ್ದರೆ ಇಟಲಿಯ ಟಸ್ಕನಿಯಲ್ಲಿ 'ಲೆರೊಯಿಕ' ಇದೆ. 1997ರಲ್ಲಿ ಶುರುವಾದದ್ದು. ಅಲ್ಲಿನ ಬಿಳಿ ಮಣ್ಣಿನ ರಸ್ತೆಗಳನ್ನು ಡಾಂಬರಿನಿಂದ ಉಳಿಸಿಕೊಳ್ಳುವುದೂ ಅದರ ಉದ್ದೇಶ. ನಿಯಮ ಸರಳ. ಸೈಕಲ್ 1987ಕ್ಕೂ ಹಿಂದಿನ ಕಾಲದ್ದಾಗಿರಬೇಕು. ಗೇರಿನ ಸನ್ನೆ ಫ್ರೇಮಿನ ಮೇಲಿರಬೇಕು. ಬ್ರೇಕಿನ ಕೇಬಲ್ ಹ್ಯಾಂಡಲ್ ಪಟ್ಟಿಯ ಒಳಗೆ ಅಡಗದೆ ಹೊರಗೆ ಬಾಗಿ ಹೋಗಬೇಕು. ಪೆಡಲ್ಲಿಗೆ ಪಾದ ಹಿಡಿಯುವ ಕ್ಲಿಪ್ಪು ಮತ್ತು ಚರ್ಮದ ಪಟ್ಟಿ ಇರಬೇಕು. ಇಷ್ಟು ಉದ್ದದ ಓಟ ಬೇಡ, ಹಳೇ ಕಾಲದ ಉಡುಪಿನಲ್ಲಿ ಊರು ಸುತ್ತಿದರೆ ಸಾಕು ಎನ್ನುವವರಿಗೆ ಲಂಡನ್ನಿನ 'ಟ್ವೀಡ್ ರನ್' 2009ರಲ್ಲಿ ದಾರಿ ತೋರಿಸಿತು.

ಯಾವ ಓಟಕ್ಕೆ ಹೋದರೂ ಸೀಟಿನ ಹಿಂದಿನ ಚೀಲದಲ್ಲಿ ಟ್ಯೂಬು, ಪ್ಯಾಚು, ಪಂಪು, ಹಿಂದಿನ ಆಕ್ಸಲ್ ನಟ್ಟಿನ ಸ್ಪ್ಯಾನರು, ಕಾಟರ್ ನಟ್ಟಿನ ಸ್ಪ್ಯಾನರು, ಒಂದು ಗೇರ್ ಕೇಬಲ್ ಇರಲಿ. ಹೊಸದಾಗಿ ಜೋಡಿಸಿದ ಸೈಕಲ್ಲಾದರೆ ಮೊದಲ ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ಎರಡೂ ಕಾಟರ್ ಪಿನ್ನುಗಳ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಿ. ಆ ಹೊತ್ತಿಗೆ ಪಿನ್ನು ತನ್ನ ಜಾಗಕ್ಕೆ ಸರಿಯಾಗಿ ಕೂತು ನಟ್ಟು ಸ್ವಲ್ಪ ಸಡಿಲ ಆಗಿರುತ್ತದೆ.